ಮಹಾವೀರಾಚಾರ್ಯರು ಹೇಳದೇ ಇದ್ದ ಮಾತು

ಕಳೆದ ನವೆಂಬರ್‌ನಲ್ಲಿ ನಮ್ಮ ಉಪನಗರದ ಕನ್ನಡ ಸಂಘದ ರಾಜ್ಯೋತ್ಸವ. ಮಕ್ಕಳ ನೃತ್ಯ ಮುಗಿದಿತ್ತು, ಮುಖ್ಯ ಅತಿಥಿಗಳು ಇನ್ನೂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. "ಸಾರ್, ಒಂದೈದು ನಿಮಿಷ ಏನಾದ್ರೂ ಮಾತಾಡಿ" ಅಂತ ಕಾರ್ಯದರ್ಶಿಗಳು ಹೆಚ್ಚು ಕಡಿಮೆ ತಳ್ಳಿಯೇ ನನ್ನನ್ನು ವೇದಿಕೆ ಹತ್ತಿಸಿದರು. ಬ್ಯಾಂಕಿನವನಲ್ಲವೇ, ಲೆಕ್ಕದ ವಿಷಯವೇ ಬಾಯಿಗೆ ಬಂತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯರ ಬಗ್ಗೆ ಮಾತಾಡಿದೆ. ಜೋಶ್‌ನಲ್ಲಿ ಇನ್ನೊಂದು ಮಾತನ್ನೂ ಸೇರಿಸಿಬಿಟ್ಟೆ: "ಇವತ್ತು ಜಗತ್ತೆಲ್ಲ ಇಮ್ಯಾಜಿನರಿ ನಂಬರ್ ಅಂತ ಕರೆಯುವ ಕಾಲ್ಪನಿಕ ಸಂಖ್ಯೆಯನ್ನು ಯುರೋಪಿನವರಿಗಿಂತ 700 ವರ್ಷ ಮೊದಲೇ ಕಂಡುಹಿಡಿದವರು ನಮ್ಮ ಕನ್ನಡ ನಾಡಿನ ಮಹಾವೀರಾಚಾರ್ಯರು!"

ಚಪ್ಪಾಳೆ ಜೋರಾಗಿಯೇ ಬಿತ್ತು.

ಕಾರ್ಯಕ್ರಮ ಮುಗಿದು ಉಪ್ಪಿಟ್ಟು, ಕೇಸರಿಬಾತಿನ ಸಾಲಿನಲ್ಲಿ ನಿಂತಿದ್ದಾಗ ಹನ್ನೊಂದನೇ ಕ್ಲಾಸಿನ ಒಬ್ಬಳು ಹುಡುಗಿ ಹತ್ತಿರ ಬಂದಳು. "ಅಂಕಲ್, ನಮಗೆ ಈಗ ಅದೇ ಪಾಠ ನಡೀತಿದೆ. ಮೈನಸ್ ಒಂದರ ವರ್ಗಮೂಲಕ್ಕೆ ಅವರು ಏನು ಹೆಸರು ಕೊಟ್ಟಿದ್ರು? ಅದನ್ನು ಇಟ್ಕೊಂಡು ಯಾವ ಲೆಕ್ಕ ಮಾಡಿದ್ರು?" ಅಂತ ಕೇಳಿದಳು. ಗೇಲಿ ಇರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ನಾನು ಆ ಮಾತನ್ನು ಓದಿದ್ದು ಮೊಬೈಲಿಗೆ ಬಂದ ಒಂದು ಫಾರ್ವರ್ಡ್ ಮೆಸೇಜಿನಲ್ಲಿ. "ನೋಡಿ ಹೇಳ್ತೀನಮ್ಮ" ಅಂದೆ. ಮೂವತ್ತು ವರ್ಷ ವೋಚರ್ ಇಲ್ಲದೆ ಒಂದು ರೂಪಾಯಿ ಪಾಸ್ ಮಾಡದವನು, ನೂರೈವತ್ತು ಜನರ ಮುಂದೆ ವೋಚರ್ ಇಲ್ಲದ ಎಂಟ್ರಿ ಹಾಕಿಬಿಟ್ಟಿದ್ದೆ. ಈ ಬರಹ ಆ ಎಂಟ್ರಿಯ ರಿವರ್ಸಲ್ ಅಂತ ತಿಳಿಯಿರಿ.

ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ' ಸಂಸ್ಕೃತದ ಗ್ರಂಥ, ಕಾಲ ಸುಮಾರು ಕ್ರಿ.ಶ. 850. ಆರಂಭದಲ್ಲೇ ಅಮೋಘವರ್ಷನ ಸ್ತುತಿ ಇದೆ. ಮದ್ರಾಸಿನ ಪ್ರೊ. ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಸಮೇತ ಪ್ರಕಟಿಸಿದರು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು. ರಂಗಾಚಾರ್ಯರ ಪುಸ್ತಕದ ಸ್ಕ್ಯಾನ್ ಪ್ರತಿ ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನೂ ಇಳಿಸಿಕೊಂಡು, ಒಂದು ಭಾನುವಾರ ಕೂತು ಹುಡುಕಿದೆ. ಬಹಳ ಹುಡುಕಬೇಕಾಗಲಿಲ್ಲ. ಮೊದಲ ಅಧ್ಯಾಯದಲ್ಲೇ ಇದೆ.

ಏನಿದೆ ಗೊತ್ತೇ? ಧನಸಂಖ್ಯೆಯ ವರ್ಗವೂ ಧನ, ಋಣಸಂಖ್ಯೆಯ ವರ್ಗವೂ ಧನ. ಋಣ ಎನ್ನುವುದು ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವೇ ಇಲ್ಲ. ಇದು ಅವರ ಮಾತಿನ ಸಾರಾಂಶ.

ಅಂದರೆ ನಾನು ವೇದಿಕೆ ಮೇಲೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ! ಕಂಡುಹಿಡಿದರು ಅಂತ ನಾನು ಯಾವುದನ್ನು ಅಂದೆನೋ ಅದು ಇಲ್ಲವೇ ಇಲ್ಲ ಅಂತ ಅವರು ಬರೆದಿಟ್ಟಿದ್ದಾರೆ. ಮೊದಲು ನಾಚಿಕೆಯಾಯಿತು, ಆಮೇಲೆ ಸ್ವಲ್ಪ ನಿರಾಸೆ. ಆದರೆ ಮುಂದಿನ ಕೆಲವು ವಾರ ಈ ಕಥೆಯ ಬೆನ್ನು ಹತ್ತಿದ ಮೇಲೆ ಆ ನಿರಾಸೆ ಹೋಯಿತು. ಅವರು ಅವತ್ತು 'ಇಲ್ಲ' ಅಂದದ್ದು ಸರಿಯಾಗಿಯೇ ಇತ್ತು. ಹೇಗೆ ಅಂತ ಹೇಳುವುದಕ್ಕೇ ಇಷ್ಟು ಪೀಠಿಕೆ.

ಮೊದಲು ಈ ಋಣ ಅನ್ನುವ ಶಬ್ದ ನೋಡಿ. ಧನ ಅಂದರೆ ಆಸ್ತಿ, ಋಣ ಅಂದರೆ ಸಾಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತರು ಇವೇ ಹೆಸರುಗಳಲ್ಲಿ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದರು. ಋಣವನ್ನು ಋಣದಿಂದ ಗುಣಿಸಿದರೆ ಧನ ಅಂತ ನಮ್ಮನ್ನು ಹೈಸ್ಕೂಲಿನಲ್ಲಿ ಉರು ಹೊಡೆಸಿದ್ದರು, ಯಾಕೆ ಅಂತ ಯಾರೂ ಹೇಳಿರಲಿಲ್ಲ. ಬ್ಯಾಂಕಿಗೆ ಸೇರಿದ ಮೇಲೆ ಅರ್ಥವಾಯಿತು. ನಿಮ್ಮ ಖಾತೆಯಿಂದ ತಿಂಗಳಿಗೆ 500 ರೂಪಾಯಿಯ ಕಂತು ಹೋಗುತ್ತಿದೆ, ಅದು ಋಣ 500. ಅಂಥ 3 ಕಂತುಗಳನ್ನು ತೆಗೆದುಹಾಕಿದರು ಅನ್ನಿ, ಅದು ಋಣ 3. ನಿಮಗೆ 1500 ರೂಪಾಯಿ ಲಾಭವಾಯಿತು ತಾನೇ? ಸಾಲ ತೆಗೆದರೆ ಆಸ್ತಿ. ಹೀಗೆ ಧನವನ್ನು ಧನದಿಂದ ಗುಣಿಸಿದರೂ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ. ಹಾಗಿದ್ದ ಮೇಲೆ ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಋಣ 15 ಬರುತ್ತದೆ? ಯಾವುದೂ ಇಲ್ಲ. ಮಹಾವೀರಾಚಾರ್ಯರ ತರ್ಕ ಇಷ್ಟೇ, ಅದರಲ್ಲಿ ಹುಳುಕಿಲ್ಲ.

ಅವರಿಗೆ ವರ್ಗ ಸಮೀಕರಣ ಬಿಡಿಸಲು ಬರುತ್ತಿರಲಿಲ್ಲ ಅಂತೇನೂ ಅಲ್ಲ, ಚೆನ್ನಾಗಿಯೇ ಬರುತ್ತಿತ್ತು. ಅವರದೇ ಒಂದು ಲೆಕ್ಕ ನೋಡಿ. ಒಂದು ಒಂಟೆಗಳ ಹಿಂಡು. ಅದರ ನಾಲ್ಕನೇ ಒಂದು ಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ ಹೋಗಿವೆ. ಐದರ ಮೂರರಷ್ಟು, ಅಂದರೆ 15, ನದಿ ದಡದಲ್ಲಿ ಉಳಿದಿವೆ. ಒಟ್ಟು ಎಷ್ಟು? ಉತ್ತರ 36. ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಡದಲ್ಲಿ 15. ಸಮೀಕರಣ ಬಿಡಿಸಿದರೆ ವರ್ಗಮೂಲಕ್ಕೆ ಎರಡು ಬೆಲೆ ಸಿಗುತ್ತವೆ. ಒಂದು 6, ಇನ್ನೊಂದು ಋಣ ಮೂರೂ ಮೂರನೇ ಒಂದು. ಎರಡನೆಯದನ್ನು ತೆಗೆದುಕೊಂಡು ಒಂಟೆಗಳನ್ನು ಎಣಿಸಲು ಹೋದರೆ ತುಂಡು ಒಂಟೆ ಬರುತ್ತದೆ! ಬಿಟ್ಟುಬಿಡುವುದೇ ಸರಿ.

ಹೀಗೆ ಒಂದು ಉತ್ತರವನ್ನು ಬಿಡುವುದು ಆಗಿನವರಿಗೆ ಸಾಮಾನ್ಯ ಸಂಗತಿ. ಮೂರು ಶತಮಾನಗಳ ನಂತರ, 1150ರಲ್ಲಿ, ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಮಂಗಗಳ ಲೆಕ್ಕವೊಂದನ್ನು ಕೊಟ್ಟಿದ್ದಾರೆ. ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ಅದರ ವರ್ಗದಷ್ಟು ಮಂಗಗಳು ಗವಿಯೊಳಗೆ ಹೋದವು. ಒಂದು ಮಾತ್ರ ಹೊರಗೆ ಕಾಣಿಸುತ್ತಿದೆ. ಹಿಂಡಿನಲ್ಲಿ ಎಷ್ಟು? 50 ಅಂದರೂ ತಾಳೆಯಾಗುತ್ತದೆ, 5 ಅಂದರೂ ತಾಳೆಯಾಗುತ್ತದೆ. ಆದರೆ 5ರ ಐದನೇ ಭಾಗ 1, ಅದರಲ್ಲಿ 3 ಕಳೆದರೆ ಋಣ 2 ಮಂಗ. ಇಂಥದ್ದನ್ನು ಜನ ಒಪ್ಪುವುದಿಲ್ಲ ಅಂತ ಭಾಸ್ಕರರು 5ನ್ನು ಕೈಬಿಟ್ಟರು. ಅದೇ ಗ್ರಂಥದಲ್ಲಿ ಅವರೂ ಮಹಾವೀರಾಚಾರ್ಯರ ಹಾಗೆಯೇ, ಋಣವು ವರ್ಗವಲ್ಲವಾದ್ದರಿಂದ ಅದಕ್ಕೆ ಮೂಲವಿಲ್ಲ ಎಂದಿದ್ದಾರೆ. ಈ ಭಾಸ್ಕರರ ಊರು ಯಾವುದು ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮ್ಮ ವಿಜಯಪುರ ಅಂತ ಕೆಲವರು, ಮಹಾರಾಷ್ಟ್ರದ ಜಳಗಾವ್ ಜಿಲ್ಲೆಯ ಪಾಟಣ ಅಂತ ಕೆಲವರು. ಪಾಟಣದಲ್ಲಿ ಅವರ ಮೊಮ್ಮಗ ಚಂಗದೇವನ 1207ರ ಶಾಸನ ಸಿಕ್ಕಿದೆ. ಮುಂಬೈ ಕನ್ನಡಿಗನಾಗಿ ನಾನು ಈ ಗಡಿ ವಿವಾದಕ್ಕೆ ತಲೆ ಹಾಕುವುದಿಲ್ಲ. :-)

ಮಹಾವೀರಾಚಾರ್ಯರಿಗಿಂತ ಸ್ವಲ್ಪ ಮೊದಲು, ಸುಮಾರು 820-830ರ ಹೊತ್ತಿಗೆ, ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಅನ್ನುವ ಪಂಡಿತ ಇದೇ ಮಾತು ಹೇಳಿದ್ದ. ಅವನ ವಿಧಾನ ಬಹಳ ಸರಳ, ನಾವೂ ಮಾಡಿ ನೋಡೋಣ. 10ನ್ನು ಎರಡು ಭಾಗ ಮಾಡಬೇಕು, ಎರಡರ ಗುಣಲಬ್ಧ 21 ಆಗಬೇಕು. 10ರ ಅರ್ಧ 5. ಅದರ ವರ್ಗ 25. ಅದರಲ್ಲಿ 21 ಕಳೆದರೆ 4. ಅದರ ವರ್ಗಮೂಲ 2. ಐದಕ್ಕೆ 2 ಕೂಡಿದರೆ 7, ಕಳೆದರೆ 3. ಆಯಿತು, 7 ಮತ್ತು 3. ಗುಣಲಬ್ಧ 25 ಬೇಕು ಅಂದರೆ ಕಳೆದಾಗ ಸೊನ್ನೆ ಉಳಿಯುತ್ತದೆ, ಉತ್ತರ 5 ಮತ್ತು 5. ಗುಣಲಬ್ಧ 25ಕ್ಕಿಂತ ಹೆಚ್ಚು ಬೇಕು ಅಂದರೆ? ಅದು ಆಗದ ಲೆಕ್ಕ ಅಂತ ಖ್ವಾರಿಜ್ಮಿ ಕೈ ತೊಳೆದುಕೊಂಡ.

ಅವನು ಹಾಗೆ ಮಾಡಿದ್ದು ತಪ್ಪೇ? ನಮ್ಮ ಮುಂಬೈ ಭಾಷೆಯಲ್ಲಿ ಹೇಳುತ್ತೇನೆ. ಒಂದು ಕೋಣೆಯ ಉದ್ದ ಅಗಲ ಸೇರಿ 10 ಮೀಟರ್. ಅದರ ವಿಸ್ತೀರ್ಣ ಹೆಚ್ಚೆಂದರೆ ಎಷ್ಟಿರಬಹುದು? ಐದಕ್ಕೆ ಐದರ ಚೌಕ ಮಾಡಿದರೆ 25 ಚದರ ಮೀಟರ್, ಅದಕ್ಕಿಂತ ಮೇಲೆ ಸಾಧ್ಯವೇ ಇಲ್ಲ. ಬಿಲ್ಡರ್ ಬಂದು 40 ಇದೆ ಅಂದರೆ ಅದು ಸೂಪರ್ ಬಿಲ್ಟ್-ಅಪ್ ಲೆಕ್ಕ, ಕಾಲಿಡಲು ಸಿಗುವ ಜಾಗ ಅಲ್ಲ! "ಆ ಕೋಣೆ ಇಲ್ಲ" ಅನ್ನುವುದೇ ಪ್ರಾಮಾಣಿಕ ಉತ್ತರ. ನಮ್ಮ ಹೈಸ್ಕೂಲಿನ ಸೂತ್ರದಲ್ಲಿ ಶೋಧಕ ಅಂತ ಒಂದು ಬರುತ್ತಿತ್ತು, ನೆನಪಿದೆಯೇ? ಅದು ಸೊನ್ನೆಗಿಂತ ಕಡಿಮೆ ಬಂದರೆ ವಾಸ್ತವ ಮೂಲಗಳಿಲ್ಲ ಅಂತ ಬರೆದು ಎರಡು ಮಾರ್ಕ್ಸ್ ತೆಗೆದುಕೊಂಡು ಬರುತ್ತಿದ್ದೆವು. ಆ ಶೋಧಕ ಹೇಳುತ್ತಿದ್ದದ್ದೂ ಇದನ್ನೇ: ಕೇಳಿದ ಕೋಣೆ ಇಲ್ಲ ಅಂತ.

ಈ 40ರ ಲೆಕ್ಕವನ್ನು ನಾನು ಸುಮ್ಮನೆ ಆರಿಸಿದ್ದಲ್ಲ. ಇಟಲಿಯ ಮಿಲಾನಿನಲ್ಲಿ ಜೆರೊಲಾಮೊ ಕಾರ್ಡಾನೊ ಅಂತ ಒಬ್ಬ ವೈದ್ಯನಿದ್ದ. ಜೂಜಿನ ಚಟವೂ ಇತ್ತು, ಗಣಿತದಲ್ಲಿ ಅಸಾಧ್ಯ ಬುದ್ಧಿಯೂ ಇತ್ತು. 1545ರಲ್ಲಿ ಅವನು ಪ್ರಕಟಿಸಿದ 'ಆರ್ಸ್ ಮ್ಯಾಗ್ನಾ' ಪುಸ್ತಕದಲ್ಲಿ ಇದೇ ಪ್ರಶ್ನೆ ಇದೆ. 10ನ್ನು ಗುಣಲಬ್ಧ 40 ಬರುವ ಹಾಗೆ ಎರಡು ಭಾಗ ಮಾಡಿ. ಆಗದು ಅಂತ ಅವನಿಗೂ ಗೊತ್ತು. ಆದರೂ ಹಳೆಯ ವಿಧಾನವನ್ನೇ ಹಿಡಿದು ಹೋದ. ಅರ್ಧ 5, ವರ್ಗ 25, ನಲವತ್ತು ಕಳೆದರೆ −15. ಅಲ್ಲಿ ನಿಲ್ಲಲಿಲ್ಲ. ಒಂದು ಭಾಗ 5 + √−15, ಇನ್ನೊಂದು 5 − √−15 ಅಂತ ಬರೆದೇಬಿಟ್ಟ. ಕೂಡಿ ನೋಡಿ, √−15 ಹೊಡೆದುಹೋಗಿ 10. ಗುಣಿಸಿ ನೋಡಿ, 25ರಲ್ಲಿ −15 ಕಳೆಯಬೇಕು, ಅಂದರೆ 25ಕ್ಕೆ 15 ಕೂಡಬೇಕು, 40. ತಾಳೆಯಾಯಿತು! ಆದರೆ ಬರೆದವನಿಗೇ ಸಮಾಧಾನವಿರಲಿಲ್ಲ. ಮನಸ್ಸಿಗೆ ಆಗುವ ಹಿಂಸೆಯನ್ನು ಪಕ್ಕಕ್ಕಿಟ್ಟು ಮಾಡಿ ಅನ್ನುವ ಅರ್ಥದ ಮಾತು ಸೇರಿಸಿ, ಕೊನೆಗೆ ಇದು ಎಷ್ಟು ಸೂಕ್ಷ್ಮವೋ ಅಷ್ಟೇ ನಿರುಪಯೋಗಿ ಎಂದು ಮುಗಿಸಿದ.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಂತೆ. ನಮ್ಮ ಪುಸ್ತಕಗಳಲ್ಲಿ ಕಥೆ ಹೇಗಿರುತ್ತದೆ? ವರ್ಗ ಸಮೀಕರಣಕ್ಕೆ ಉತ್ತರ ಸಿಗಲಿಲ್ಲ, ಆದ್ದರಿಂದ ಹೊಸ ಸಂಖ್ಯೆ ಹುಟ್ಟಿಸಿದರು ಅಂತ. ನಡೆದದ್ದು ಹಾಗಲ್ಲ. ವರ್ಗ ಸಮೀಕರಣ ಮಾತ್ರ ಇದ್ದಿದ್ದರೆ ಈ ಸಂಖ್ಯೆಗಳ ಅಗತ್ಯವೇ ಬೀಳುತ್ತಿರಲಿಲ್ಲ. ಕಾರ್ಡಾನೊ ಕೂಡ ಅದನ್ನು ಉಪಯೋಗವಿಲ್ಲ ಅಂದನಲ್ಲ! ಹೊಸ ಸಂಖ್ಯೆ ಬಲವಂತವಾಗಿ ಒಳಗೆ ಬಂದದ್ದು ಬೇರೆ ಬಾಗಿಲಿನಿಂದ. ಅದು ಘನ ಸಮೀಕರಣದ ಬಾಗಿಲು.

ವರ್ಗವಲ್ಲದೆ ಘನವೂ ಸೇರಿದ ಸಮೀಕರಣಕ್ಕೆ ಸೂತ್ರ ಹುಡುಕುವುದು ಇಟಲಿಯ ಪಂಡಿತರಿಗೆ ಆಗ ಪಂಥದ ವಿಷಯ. ಬೊಲೊನ್ಯಾದ ದೆಲ್ ಫೆರೊ ಸುಮಾರು 1515ರಲ್ಲಿ ಒಂದು ಬಗೆಯ ಘನ ಸಮೀಕರಣ ಬಿಡಿಸಿ ಗುಟ್ಟಾಗಿಟ್ಟ. 1535ರಲ್ಲಿ ತಾರ್ತಾಲ್ಯಾ ಸ್ವಂತವಾಗಿ ಕಂಡುಕೊಂಡ. ಅವನಿಂದ 1539ರಲ್ಲಿ ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡಿ ಕಾರ್ಡಾನೊ ಅದನ್ನು ಪಡೆದ. ದೆಲ್ ಫೆರೊನ ಹಳೆಯ ಕಾಗದಗಳಲ್ಲೂ ಅದೇ ಇದೆ ಅಂತ 1543ರಲ್ಲಿ ಕಂಡ ಮೇಲೆ ಆಣೆ ಅನ್ವಯಿಸುವುದಿಲ್ಲ ಅಂತ ತೀರ್ಮಾನಿಸಿ 'ಆರ್ಸ್ ಮ್ಯಾಗ್ನಾ'ದಲ್ಲಿ ಇಬ್ಬರ ಹೆಸರನ್ನೂ ಹೇಳಿ ಅಚ್ಚು ಹಾಕಿಸಿದ. ತಾರ್ತಾಲ್ಯಾ ಜನ್ಮವಿಡೀ ಕ್ಷಮಿಸಲಿಲ್ಲ. ಅದಿರಲಿ.

ಆ ಸೂತ್ರ ಕೆಲವು ಕಡೆ ವಿಚಿತ್ರವಾಗಿ ವರ್ತಿಸುತ್ತಿತ್ತು. ಒಂದು ಸಂಖ್ಯೆ ಬೇಕು, ಅದರ ಘನವು ಅದರ 15 ಪಟ್ಟಿಗೆ 4 ಸೇರಿಸಿದಷ್ಟಿರಬೇಕು. ಹುಡುಕಿ ನೋಡಿದರೆ ಉತ್ತರ ಕಣ್ಣೆದುರಿಗೇ ಇದೆ. 4ರ ಘನ 64. 4ರ 15 ಪಟ್ಟು 60, ಅದಕ್ಕೆ 4 ಸೇರಿಸಿದರೆ 64. ಇಲ್ಲ ಅನ್ನುವ ಹಾಗೇ ಇಲ್ಲ. ಆದರೆ ಸೂತ್ರಕ್ಕೆ ಹಾಕಿದರೆ ಬರುವುದೇನು? 2 + √−121ರ ಘನಮೂಲ, ಅದಕ್ಕೆ 2 − √−121ರ ಘನಮೂಲ ಕೂಡಿ ಅಂತ!

ಸಮಸ್ಯೆ ಅರ್ಥವಾಯಿತೇ? 40 ಚದರ ಮೀಟರಿನ ಕೋಣೆ ಇಲ್ಲ ಅಂತ ಹೇಳಿ ಮನೆಗೆ ಹೋಗಬಹುದಿತ್ತು. ಇಲ್ಲಿ ಹಾಗೆ ಹೋಗಲು ಆಗದು. ಉತ್ತರ 4 ಕಣ್ಣಿಗೆ ಕಾಣುತ್ತಿದೆ, ಸೂತ್ರವೂ ಸರಿಯಾಗಿದೆ, ಆದರೆ ಅಲ್ಲಿಗೆ ಹೋಗುವ ದಾರಿ 'ಇಲ್ಲದ' ಸಂಖ್ಯೆಯ ಮೂಲಕ ಹೋಗುತ್ತಿದೆ.

ಇದನ್ನು ಬಿಡಿಸಿದವನು ರಫಾಯೆಲ್ ಬೊಂಬೆಲ್ಲಿ. ಪ್ರೊಫೆಸರ್ ಅಲ್ಲ, ಜೌಗು ಪ್ರದೇಶದ ನೀರು ಬಸಿದು ನೆಲ ಮಾಡುವ ಎಂಜಿನಿಯರ್. 1572ರಲ್ಲಿ ಅವನ 'ಆಲ್ಜೀಬ್ರಾ' ಪುಸ್ತಕ ಬಂತು. ಈ ವಿಚಿತ್ರ ಸಂಖ್ಯೆಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಅವನು ಒಂದೊಂದಾಗಿ ಬರೆದ, ನಮ್ಮ ಬ್ರಹ್ಮಗುಪ್ತರು ಧನ-ಋಣಕ್ಕೆ ಬರೆದಂತೆ. √−1 ಅನ್ನು √−1ರಿಂದ ಗುಣಿಸಿದರೆ −1 ಅಂತ ಇಟ್ಟುಕೊಂಡು ನೀವೂ 2 + √−1ರ ಘನ ಮಾಡಿ ನೋಡಿ. ಮೊದಲು ವರ್ಗ: 3 + 4√−1. ಅದನ್ನು ಮತ್ತೆ 2 + √−1ರಿಂದ ಗುಣಿಸಿದರೆ 2 + 11√−1. ಹನ್ನೊಂದರ ವರ್ಗ 121 ಆದ್ದರಿಂದ ಇದು 2 + √−121 ಅಲ್ಲದೆ ಬೇರೆಯಲ್ಲ. ಹಾಗಾದರೆ ಅದರ ಘನಮೂಲ 2 + √−1, ಜೊತೆಗಿರುವುದರ ಘನಮೂಲ 2 − √−1. ಎರಡನ್ನೂ ಕೂಡಿ. √−1 ಹೊಡೆದುಹೋಯಿತು. ಉಳಿದದ್ದು 4!

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸಸ್ಪೆನ್ಸ್ ಅಕೌಂಟ್. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಒಂದು ಮೊತ್ತ ಬಂದಿದೆ, ಯಾವ ಖಾತೆಗೆ ಸೇರಬೇಕು ಅಂತ ಇನ್ನೂ ಗೊತ್ತಿಲ್ಲ. ಅದನ್ನು ಬಿಸಾಡುವ ಹಾಗಿಲ್ಲ, ಕಂಡ ಖಾತೆಗೆ ಹಾಕುವ ಹಾಗೂ ಇಲ್ಲ. ತಾತ್ಕಾಲಿಕವಾಗಿ ಸಸ್ಪೆನ್ಸ್‌ನಲ್ಲಿ ಇಡುತ್ತೇವೆ. ಆ ಖಾತೆಯ ಹೆಸರಿನ ಮನುಷ್ಯ ಯಾರೂ ಇಲ್ಲ. ಆದರೆ ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಕೊನೆಗೆ ಎದುರು ಎಂಟ್ರಿ ಬಂದು ಸೊನ್ನೆಯಾಗುತ್ತದೆ. ಬೊಂಬೆಲ್ಲಿ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ. ಹಣ ಯಾರದು ಅಂತ ತಿಳಿಯದಿದ್ದರೂ ಎಂಟ್ರಿಯನ್ನು ನಿಯಮಬದ್ಧವಾಗಿ ನಡೆಸಿದ.

ಅಲ್ಲಿಂದ ಮುಂದೆ ಸುಮಾರು ಇನ್ನೂರು ವರ್ಷ ಈ ಸಂಖ್ಯೆ ಸಸ್ಪೆನ್ಸ್‌ನಲ್ಲೇ ಇತ್ತು. 1637ರಲ್ಲಿ ಡೇಕಾರ್ಟ್ ಇವನ್ನು ಕಾಲ್ಪನಿಕ ಅಂತ ಕರೆದ, ಆ ಹೆಸರೇ ಅಂಟಿಕೊಂಡಿತು. 1777ರಲ್ಲಿ ಆಯ್ಲರ್ √−1ಕ್ಕೆ 'ಐ' ಅನ್ನುವ ಅಕ್ಷರ ಬಳಸಿದ. ಎಲ್ಲರೂ ಉಪಯೋಗಿಸುತ್ತಿದ್ದರು, ಇದು ಏನು ಅಂತ ತೋರಿಸಿ ಅಂದರೆ ಯಾರೂ ತೋರಿಸುತ್ತಿರಲಿಲ್ಲ.

ತೋರಿಸಿದವರು ಇಬ್ಬರು ಹೊರಗಿನವರು. ಮೊದಲನೆಯವನು ಕಾಸ್ಪರ್ ವೆಸ್ಸೆಲ್. ನಾರ್ವೆಯಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ಭೂಮಾಪನದ ಕೆಲಸ ಮಾಡಿದವನು. 1797ರಲ್ಲಿ ಡ್ಯಾನಿಷ್ ಅಕಾಡೆಮಿಗೆ ಒಂದು ಪ್ರಬಂಧ ಸಲ್ಲಿಸಿದ, 1799ರಲ್ಲಿ ಅಚ್ಚಾಯಿತು. ಎರಡನೆಯವನು ಜಿನೀವಾದ ಜೀನ್ ರಾಬರ್ಟ್ ಆರ್ಗಾಂಡ್. ಪ್ಯಾರಿಸ್‌ನಲ್ಲಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದ ಅಂತ ಹಳೆಯ ಪುಸ್ತಕಗಳು ಪರಿಚಯಿಸುತ್ತವೆ. ನಮ್ಮವನೇ ಅನ್ನಿ! 1806ರಲ್ಲಿ ತನ್ನ ಹೆಸರನ್ನೂ ಹಾಕದೆ ಪುಟ್ಟ ಪುಸ್ತಕ ಹೊರತಂದ. 1813ರಲ್ಲಿ ಫ್ರಾಂಸೆ ಅನ್ನುವ ಗಣಿತಜ್ಞ ಇದೇ ವಿಚಾರವನ್ನು ಪತ್ರಿಕೆಯಲ್ಲಿ ಬರೆದು, ಇದು ಮೂಲದಲ್ಲಿ ನನ್ನದಲ್ಲ, ಬರೆದವರು ಯಾರೋ ಮುಂದೆ ಬರಲಿ ಅಂತ ಕೇಳಿದ ಮೇಲೆ ಆರ್ಗಾಂಡ್ ಬಂದು ನಾನೇ ಅಂದ.

ಅವರು ತೋರಿಸಿದ್ದೇನು? ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೀರಿ, 'ಪೀಛೇ ಮುಡ್' ಅಂದರು. ಪಶ್ಚಿಮಕ್ಕೆ ತಿರುಗಿದಿರಿ. ಇದು −1ರಿಂದ ಗುಣಿಸಿದ ಹಾಗೆ, ದಿಕ್ಕು ಪೂರ್ತಿ ಉಲ್ಟಾ. ಎರಡು ಸಲ 'ಪೀಛೇ ಮುಡ್' ಅಂದರೆ ಮತ್ತೆ ಪೂರ್ವ. ಋಣ ಗುಣಿಸು ಋಣ ಧನ! ಈಗ ಪ್ರಶ್ನೆ: ಯಾವ ಕಮಾಂಡನ್ನು ಎರಡು ಸಲ ಕೊಟ್ಟರೆ ಒಂದು 'ಪೀಛೇ ಮುಡ್' ಆಗುತ್ತದೆ? 'ಬಾಯೇ ಮುಡ್', ಎಡಕ್ಕೆ ತಿರುಗು. ಒಂದು ಸಲ ಅಂದರೆ ಉತ್ತರ, ಇನ್ನೊಂದು ಸಲ ಅಂದರೆ ಪಶ್ಚಿಮ. ಆ ಎಡ ತಿರುವೇ √−1. ಪೂರ್ವ-ಪಶ್ಚಿಮದ ಗೆರೆಯ ಮೇಲೆ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ, ಯಾಕೆಂದರೆ ಅದು ಇರುವುದು ಗೆರೆಯಿಂದ ಪಕ್ಕಕ್ಕೆ. ಮಹಾವೀರಾಚಾರ್ಯರು ಗೆರೆಯ ಮೇಲೆ ಹುಡುಕಿ 'ಇಲ್ಲ' ಅಂದರು. ಗೆರೆಯ ಮೇಲೆ ಇವತ್ತಿಗೂ ಇಲ್ಲ.

ವೆಸ್ಸೆಲ್ ವಿಷಯದಲ್ಲಿ ಒಂದು ಮಾತು ನನ್ನನ್ನು ಕಾಡಿತು. ಆರ್ಗಾಂಡ್‌ಗಿಂತ ಮೊದಲೇ, ಅಚ್ಚುಕಟ್ಟಾಗಿ ಬರೆದಿದ್ದ. ಆದರೆ ಬರೆದದ್ದು ಡ್ಯಾನಿಷ್ ಭಾಷೆಯಲ್ಲಿ. ಹೊರಗಿನ ಗಣಿತ ಜಗತ್ತು ಅದನ್ನು ಓದಲೇ ಇಲ್ಲ. 1897ರಲ್ಲಿ ಫ್ರೆಂಚ್ ಅನುವಾದ ಬರುವ ಹೊತ್ತಿಗೆ ಪೂರ್ತಿ ನೂರು ವರ್ಷ ಕಳೆದಿತ್ತು, ಆ ಚಿತ್ರಕ್ಕೆ ಆರ್ಗಾಂಡ್‌ನ ಹೆಸರು ಅಂಟಿಯಾಗಿತ್ತು. ಪರವೂರಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ನಮ್ಮಂಥವರು ಇದನ್ನು ಓದಿ ಒಂದು ನಿಟ್ಟುಸಿರು ಬಿಡಬಹುದು. ಆದರೆ ಅವನು ಬರೆದದ್ದು ನೂರು ವರ್ಷ ಉಳಿದಿತ್ತು ಅನ್ನುವುದೂ ನಿಜವಲ್ಲವೇ?

1831ರಲ್ಲಿ ಗೌಸ್ ಈ ಚಿತ್ರಕ್ಕೆ ತನ್ನ ತೂಕ ಸೇರಿಸಿದ ಮೇಲೆ ಅನುಮಾನ ತೀರಿತು. ಕಾಂಪ್ಲೆಕ್ಸ್ ನಂಬರ್, ನಮ್ಮ ಪಠ್ಯದ ಸಮ್ಮಿಶ್ರ ಸಂಖ್ಯೆ, ಅನ್ನುವ ಹೆಸರು ಅವನಿಂದಲೇ ನೆಲೆಯಾಯಿತು. ಧನ, ಋಣ, ಕಾಲ್ಪನಿಕ ಅಂತ ಕರೆಯುವ ಬದಲು ಮುಂದಿನದು, ಹಿಂದಿನದು, ಪಕ್ಕದ್ದು ಅಂತ ಕರೆದಿದ್ದರೆ ಇಷ್ಟು ಗೊಂದಲವೇ ಆಗುತ್ತಿರಲಿಲ್ಲ ಎಂಬರ್ಥದ ಮಾತನ್ನೂ ಆಡಿದ.

ಸರಿ, ಇಷ್ಟೆಲ್ಲ ಆದ ಮೇಲೆ ವರ್ಗ ಸಮೀಕರಣದ ಆ ಎರಡು ಕಾಲ್ಪನಿಕ ಮೂಲಗಳಿಂದ ಏನಾದರೂ ಪ್ರಯೋಜನವಿದೆಯೇ? ಇದೆ. ಹಳೆಯ ಕಾಲದ ಆಫೀಸುಗಳಲ್ಲಿ ಎರಡೂ ಕಡೆ ತಳ್ಳುವ ಸ್ಪ್ರಿಂಗ್ ಬಾಗಿಲು ಇರುತ್ತಿತ್ತಲ್ಲ, ನೆನಪಿಸಿಕೊಳ್ಳಿ. ತಳ್ಳಿ ಒಳಗೆ ಹೋದರೆ ಬಾಗಿಲು ಹಿಂದೆ ಮುಂದೆ ನಾಲ್ಕು ಸಲ ತೂಗಿ ನಿಲ್ಲುತ್ತಿತ್ತು. ಈಗಿನ ಎಣ್ಣೆ ತುಂಬಿದ ಡೋರ್ ಕ್ಲೋಸರ್ ಇರುವ ಬಾಗಿಲು ತೂಗುವುದಿಲ್ಲ, ಮೆಲ್ಲಗೆ ಬಂದು ಮುಚ್ಚಿಕೊಳ್ಳುತ್ತದೆ. ಈ ಎರಡಕ್ಕೂ ಹಿಂದಿರುವುದು ಒಂದೇ ವರ್ಗ ಸಮೀಕರಣ. ಅದರ ಮೂರು ಅಂಕಿಗಳು ಬಾಗಿಲಿನ ಭಾರ, ತಡೆ, ಸ್ಪ್ರಿಂಗಿನ ಬಿಗಿ. ತಡೆಯ ವರ್ಗದಲ್ಲಿ ಭಾರ ಗುಣಿಸು ಬಿಗಿಯ ನಾಲ್ಕರಷ್ಟನ್ನು ಕಳೆಯಿರಿ, ಅದೇ ನಮ್ಮ ಹೈಸ್ಕೂಲಿನ ಶೋಧಕ. ಅದು ಧನವಾದರೆ ಬಾಗಿಲು ತೂಗದೆ ಮುಚ್ಚುತ್ತದೆ. ಋಣವಾದರೆ ಮೂಲಗಳು ಸಮ್ಮಿಶ್ರ, ಬಾಗಿಲು ತೂಗುತ್ತದೆ! ಮೂಲದ ವಾಸ್ತವ ಭಾಗ ತೂಗಾಟ ಎಷ್ಟು ಬೇಗ ಸಾಯುತ್ತದೆ ಅಂತ ಹೇಳಿದರೆ, ಕಾಲ್ಪನಿಕ ಭಾಗ ಎಷ್ಟು ವೇಗವಾಗಿ ತೂಗುತ್ತದೆ ಅಂತ ಹೇಳುತ್ತದೆ. ಅಂದರೆ ಇಲ್ಲಿ ವಾಸ್ತವ ಮೂಲ ಇಲ್ಲ ಅನ್ನುವುದರ ಅರ್ಥ ಲೆಕ್ಕ ಮುಗಿಯಿತು ಅಂತಲ್ಲ, ತೂಗಾಟ ಇದೆ ಅಂತ. ಸ್ಕೂಟರಿನ ಶಾಕ್ ಅಬ್ಸಾರ್ಬರಿಗೂ ಇದೇ ಲೆಕ್ಕ. ಮನೆಗೆ ಬರುವ ಎಸಿ ಕರೆಂಟಿನ ಲೆಕ್ಕವನ್ನು 1893ರಲ್ಲಿ ಸ್ಟೈನ್‌ಮೆಟ್ಜ್ ಈ ಸಂಖ್ಯೆಗಳಿಂದಲೇ ಸುಲಭ ಮಾಡಿ ತೋರಿಸಿದ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗಳಿಗೆ ಹರಿದದ್ದೂ ಆ ಬಗೆಯ ಕರೆಂಟೇ.

ಈಗ ನನ್ನ ತಪ್ಪಿನ ಕಡೆ ಬರುತ್ತೇನೆ. ಮಹಾವೀರಾಚಾರ್ಯರಿಗೆ ನಾನು ಅವರದಲ್ಲದ ಒಡವೆ ತೊಡಿಸಲು ಹೋದೆ. ಅದರಿಂದ ಅವರದೇ ಒಡವೆ ಮುಚ್ಚಿಹೋಯಿತು. ಋಣದ ವರ್ಗಮೂಲ ಅನ್ನುವ ಪ್ರಶ್ನೆಯನ್ನು ಅವರು ನುಣುಚಿಕೊಳ್ಳದೆ ಎತ್ತಿಕೊಂಡರು, ಆಗದು ಅಂದರು, ಯಾಕೆ ಆಗದು ಅನ್ನುವುದಕ್ಕೆ ಒಂದೇ ಸಾಲಿನ ಕಾರಣ ಕೊಟ್ಟರು. ಅವರ ಮುಂದಿದ್ದ ಒಂಟೆಯ ಲೆಕ್ಕಗಳಿಗೆ ಆ ಉತ್ತರ ಪೂರ್ತಿ ಸರಿ. ಏಳುನೂರು ವರ್ಷಗಳ ನಂತರ ಇಟಲಿಯವರ ಮುಂದೆ ಬೇರೆ ಲೆಕ್ಕ ಬಂತು, ಅದಕ್ಕೆ ಬೇರೆ ಉತ್ತರ ಬೇಕಾಯಿತು. ಇದರಲ್ಲಿ ಯಾರೂ ಸೋತಿಲ್ಲ, ಯಾರೂ ಯಾರ ಆಸ್ತಿಯನ್ನೂ ಕದ್ದಿಲ್ಲ. ಊರಿನಿಂದ ದೂರ ಇರುವ ನಮಗೆ ನಮ್ಮವರ ಬಗ್ಗೆ ಹೆಮ್ಮೆಯ ಹಸಿವು ಸ್ವಲ್ಪ ಜಾಸ್ತಿ. ನನಗಂತೂ ಜಾಸ್ತಿಯೇ. ಆ ಹಸಿವಿನಲ್ಲಿ ನಾವು ಅವರ ಪುಸ್ತಕ ತೆರೆದು ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಫಾರ್ವರ್ಡ್ ಬಂತು, ಚಪ್ಪಾಳೆ ಬಿತ್ತು, ಮುಗಿಯಿತು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಈಗ ನನ್ನ ಹತ್ತಿರ ಇದೆ. "ಅವರು ಯಾವ ಹೆಸರನ್ನೂ ಕೊಡಲಿಲ್ಲಮ್ಮ. ಇಲ್ಲ ಅಂದರು. ನಾನು ತಪ್ಪು ಹೇಳಿದೆ." ಮುಂದಿನ ರಾಜ್ಯೋತ್ಸವದಲ್ಲಿ ಅದೇ ವೇದಿಕೆ ಹತ್ತಿ ಇದನ್ನು ಹೇಳಲು ಎರಡು ನಿಮಿಷ ಕೊಡಿ ಅಂತ ಕಾರ್ಯದರ್ಶಿಗಳನ್ನು ಕೇಳಿದ್ದೇನೆ. "ಯಾರಿಗೂ ನೆನಪಿಲ್ಲ ಬಿಡಿ ಸಾರ್" ಅಂತ ನಕ್ಕರು. ಒಬ್ಬಳಿಗೆ ನೆನಪಿರುತ್ತದೆ. ಸಸ್ಪೆನ್ಸ್‌ನಲ್ಲಿ ಒಂದು ಎಂಟ್ರಿ ಬಾಕಿ ಇಟ್ಟುಕೊಂಡು ರಿಟೈರ್ ಆಗಲು ನನಗೆ ಮನಸ್ಸಿಲ್ಲ.

ನೀವೇನಂತೀರಿ?